ಉದ್ಘಾಟನೆಯ ಮಾರನೆಯ ದಿನದಿಂದ

ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಗಣಕೀಕರಣದ ಯೋಜನೆಗೆ ಹಣವೂ ಗಮನವೂ ಸಿಗುವುದು ಉದ್ಘಾಟನೆಯ ದಿನದವರೆಗೆ ಮಾತ್ರ. ಟೆಂಡರ್ ಕರೆದು, ಯಂತ್ರಗಳನ್ನು ತರಿಸಿ, ತಂತ್ರಾಂಶ ಅಳವಡಿಸಿ, ಸಿಬ್ಬಂದಿಗೆ ಒಂದೆರಡು ದಿನ ತರಬೇತಿ ಕೊಡಿಸಿದರೆ ಕೆಲಸ ಪೂರ್ಣಗೊಂಡಿತೆಂದು ಕಡತದಲ್ಲಿ ದಾಖಲಾಗುತ್ತದೆ. ಖಾತೆ ನಕಲಿಗೋ ನೀರಿನ ಬಿಲ್ಲಿಗೋ ಕೌಂಟರಿನ ಮುಂದೆ ನಿಲ್ಲುವವರಿಗಾದರೋ ಆ ಯೋಜನೆ ಶುರುವಾಗುವುದೇ ಮಾರನೆಯ ದಿನ. ತುಮಕೂರು ಜಿಲ್ಲೆಯ ಕಚೇರಿಗಳಲ್ಲಿ ಈ ವ್ಯವಸ್ಥೆಗಳ ಜೊತೆ ಕೆಲಸ ಮಾಡುತ್ತ ಬಂದಿರುವ ನನಗೆ, ನಿರ್ವಹಣೆಯನ್ನು ಯೋಜನೆಯ ಹೊರಗಿಟ್ಟು ನೋಡುವ ಈ ಅಭ್ಯಾಸವೇ ಉಳಿದೆಲ್ಲ ತೊಂದರೆಗಳ ಬುಡ ಎನ್ನಿಸಿದೆ.

ತುಮಕೂರಿನಲ್ಲಿ ಈ ಮಾತಿಗೆ ಈಗ ವಿಶೇಷ ಮಹತ್ವವಿದೆ. ಕೇಂದ್ರ ಸರ್ಕಾರ 2015ರ ಜೂನ್‌ನಲ್ಲಿ ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮ ನಗರ 2016ರಲ್ಲಿ ಆಯ್ಕೆಯಾಯಿತು. ಆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಇಂಥ ಯೋಜನೆಗಳಿಂದ ಬಂದ ನಿಯಂತ್ರಣ ಕೇಂದ್ರ, ಕ್ಯಾಮೆರಾ, ಕೇಬಲ್ ಇತ್ಯಾದಿಗಳು ಅನುದಾನ ನಿಂತಿತೆಂದು ಕೆಲಸ ನಿಲ್ಲಿಸುವಂತಿಲ್ಲ. ಪ್ರತಿ ಕ್ಯಾಮೆರಾಕ್ಕೂ ವಿದ್ಯುತ್ ಬೇಕು, ಸಂಪರ್ಕ ಬೇಕು, ದೃಶ್ಯ ಉಳಿಸಲು ಜಾಗ ಬೇಕು, ಧೂಳು ಒರೆಸುವ ಕೈ ಬೇಕು. ಕೆಲವು ವರ್ಷಗಳಾದ ಮೇಲೆ ಅದನ್ನೇ ಬದಲಾಯಿಸಬೇಕು. ಬಂಡವಾಳ ವೆಚ್ಚಕ್ಕೆ ಮೇಲಿನಿಂದ ಅನುದಾನ ಬರುತ್ತದೆ, ನಡೆಸುವ ವೆಚ್ಚವನ್ನು ಬಹುಮಟ್ಟಿಗೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಪರವಾನಗಿ ಶುಲ್ಕಗಳಂಥ ಸ್ವಂತ ಸಂಪನ್ಮೂಲದಿಂದಲೇ ಹೊಂದಿಸಬೇಕು. ಆದ್ದರಿಂದ ಯಾವುದೇ ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ‘ಆರನೆಯ ವರ್ಷ ಇದಕ್ಕೆ ಎಷ್ಟು ಖರ್ಚಾಗುತ್ತದೆ, ಅದು ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ’ ಎಂದು ಕೇಳಲೇಬೇಕು. ನಾನು ಕುಳಿತಿದ್ದ ಸಭೆಗಳಲ್ಲಿ ಈ ಪ್ರಶ್ನೆ ಬಂದದ್ದು ಅಪರೂಪ.

ನಮ್ಮ ಬಯಲುಸೀಮೆಯ ಪಂಚಾಯಿತಿಗಳಿಗೆ ಈ ವಿವೇಕ ಹೊಸದಲ್ಲ. ಕೊಳವೆಬಾವಿ ಕೊರೆಸಿದ ಮಾತ್ರಕ್ಕೆ ಊರಿಗೆ ನೀರು ಬಂತೆಂದು ಯಾರೂ ನಂಬುವುದಿಲ್ಲ. ಮೋಟಾರು ಸುಟ್ಟರೆ ಎತ್ತಿಸುವವರು ಯಾರು, ಕರೆಂಟು ಬಿಲ್ ಯಾವ ಬಾಬಿನಿಂದ ಕಟ್ಟಬೇಕು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ನೀರುಗಂಟಿಯಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಗೊತ್ತು. ಅದೇ ಕಚೇರಿಯಲ್ಲಿ ಯುಪಿಎಸ್ ಬ್ಯಾಟರಿಗೆ ಮಾತ್ರ ಹಣ ತೆಗೆದಿಟ್ಟಿರುವುದಿಲ್ಲ. ಮಾಮೂಲಿ ಬ್ಯಾಟರಿಗಳು ಮೂರು ನಾಲ್ಕು ವರ್ಷಗಳಲ್ಲಿ ಸೋಲುತ್ತವೆ ಎಂಬುದು ತಿಳಿದ ವಿಷಯವೇ ಆಗಿದ್ದರೂ, ಅವು ಕೈಕೊಟ್ಟ ಮೇಲೆಯೇ ಟಿಪ್ಪಣಿ ಮೇಲೇಳುತ್ತದೆ. ಅಲ್ಲಿಯವರೆಗೆ ಕರೆಂಟು ಹೋದಾಗಲೆಲ್ಲ ಕೌಂಟರೂ ನಿಲ್ಲುತ್ತದೆ.

ಕೌಂಟರು ನಿಂತಾಗ ಹೊರಗಿನವರಿಗೆ ಕೇಳಿಸುವ ಉತ್ತರ ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಕಾರಣಗಳು ಮಾತ್ರ ಹಲವು. ರಾಜ್ಯದ ಡಾಟಾ ಸೆಂಟರಿನಲ್ಲಿ ತಂತ್ರಾಂಶ ನಿಧಾನವಾಗಿರಬಹುದು. ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕತ್ತರಿಸಿರಬಹುದು. ಕಚೇರಿಯೊಳಗೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಬಿಸಿಯಾಗಿ ಕೆಟ್ಟಿರಬಹುದು. ಡಿಜಿಟಲ್ ಸಹಿಗೆಂದು ಕಂಪ್ಯೂಟರಿಗೆ ಚುಚ್ಚುವ ಡಾಂಗಲ್‌ನ ಅವಧಿ ಮುಗಿದಿರಬಹುದು. ಇವುಗಳಲ್ಲಿ ಒಂದನ್ನು ಸರಿಪಡಿಸಲು ಬೆಂಗಳೂರಿಗೆ ಫೋನ್ ಮಾಡಬೇಕು, ಇನ್ನೊಂದಕ್ಕೆ ಅಲ್ಲೇ ಪೇಟೆಯಲ್ಲಿ ಸಿಗುವ ಸಣ್ಣ ಸಾಮಾನು ಸಾಕು. ಇದನ್ನು ಬೇರ್ಪಡಿಸುವ ಸಾಧನ ಬಹಳ ಅಗ್ಗದ್ದು. ಎಷ್ಟು ಹೊತ್ತಿಗೆ ನಿಂತಿತು, ಏನು ನಿಂತಿತು, ಯಾರಿಗೆ ತಿಳಿಸಲಾಯಿತು, ಎಷ್ಟು ಹೊತ್ತಿಗೆ ಸರಿಹೋಯಿತು ಎಂದು ಪ್ರತಿ ಸಲವೂ ಬರೆದಿಡುವ ಒಂದು ರಿಜಿಸ್ಟರ್ ಅದು. ಕೆಲವು ತಿಂಗಳು ನಿಷ್ಠೆಯಿಂದ ಬರೆದರೆ ದೋಷ ಎಲ್ಲಿ ಮರುಕಳಿಸುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಮೇಲಿನ ಕಚೇರಿಗೆ ಬರೆಯುವ ಪತ್ರಕ್ಕೂ ಆಧಾರ ಸಿಗುತ್ತದೆ. ನಾಗರಿಕರ ದೃಷ್ಟಿಯಿಂದಲೂ ಇದು ನ್ಯಾಯ. 2011ರ ಸಕಾಲ ಕಾಯ್ದೆ ಸೇವೆಗಳಿಗೆ ಕಾಲಮಿತಿ ಹಾಕಿರುವಾಗ, ತಡವಾದದ್ದಕ್ಕೆ ಲಿಖಿತ ಕಾರಣವಿರಬೇಕು.

ಯಂತ್ರಕ್ಕಿಂತ ಕಠಿಣವಾದದ್ದು ಮನುಷ್ಯರ ಪ್ರಶ್ನೆ. ಗ್ರಾಮ ಪಂಚಾಯಿತಿಗಳಲ್ಲಿ 2013ರಿಂದ ಇರುವ ಇ-ಸ್ವತ್ತು ತಂತ್ರಾಂಶವನ್ನು ನೋಡಿ. ಆಸ್ತಿ ದಾಖಲೆಗಳಾದ ನಮೂನೆ 9 ಅಥವಾ 11ನ್ನು ಕೊಡುವಾಗ ವಿವರ ತುಂಬುವವರು ಒಬ್ಬರು, ಅನುಮೋದಿಸಿ ಡಿಜಿಟಲ್ ಸಹಿ ಹಾಕುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇನ್ನೊಬ್ಬರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಲಿ ಎಂಬುದೇ ಈ ವಿಂಗಡಣೆಯ ಉದ್ದೇಶ. ಆದರೆ ಎರಡು ಪಂಚಾಯಿತಿಗಳ ಪ್ರಭಾರ ಹೊತ್ತು, ಬೆಳಿಗ್ಗೆ ತಾಲ್ಲೂಕಿನಲ್ಲಿ ಸಭೆ, ಮಧ್ಯಾಹ್ನ ನರೇಗಾ ಕಾಮಗಾರಿಯ ಪರಿಶೀಲನೆ ಎಂದು ಓಡಾಡುವ ಅಧಿಕಾರಿ ತಮ್ಮ ಡಾಂಗಲ್ಲನ್ನೂ ಪಾಸ್‌ವರ್ಡನ್ನೂ ಡಾಟಾ ಎಂಟ್ರಿ ಆಪರೇಟರ್ ಕೈಗೆ ಒಪ್ಪಿಸಿಹೋಗುವ ಪರಿಸ್ಥಿತಿ ಬಂದರೆ, ಆ ರಕ್ಷಣೆ ಕುಸಿದುಬೀಳುತ್ತದೆ. ಮುಂದೆ ತಕರಾರು ಬಂದಾಗ, ಕಡಿಮೆ ಸಂಬಳಕ್ಕೆ ದುಡಿಯುವ ಆ ಆಪರೇಟರ್ ತನ್ನದಲ್ಲದ ಸಹಿಗೆ ಹೊಣೆಯಾಗಬೇಕಾಗುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳಬಾರದೆಂಬ ಸುತ್ತೋಲೆಯಿಂದ ಇದು ಬಗೆಹರಿಯುವುದಿಲ್ಲ. ಸಹಿಗೆಂದು ದಿನದಲ್ಲಿ ನಿಗದಿತ ಹೊತ್ತನ್ನು ಮೀಸಲಿಟ್ಟು, ಆ ಹೊತ್ತಿನಲ್ಲಿ ಅಧಿಕಾರಿಯನ್ನು ಬೇರೆ ಸಭೆಗೆ ಕರೆಯದಿರುವ ನಿರ್ಧಾರವನ್ನು ಮೇಲಿನವರು ಮಾಡಬೇಕು.

ಮೇಲಿನವರು ಇಂಥ ನಿರ್ಧಾರಗಳನ್ನು ಮಾಡಬಲ್ಲರು ಎಂಬುದಕ್ಕೆ ನಮ್ಮ ರಾಜ್ಯದ ಭೂಮಿ ಯೋಜನೆಯೇ ಸಾಕ್ಷಿ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲೇ ಗಣಕಕ್ಕೆ ತಂದ ಸಾಧನೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ಆಡಳಿತಾತ್ಮಕ ಧೈರ್ಯ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿದರು. ಬೆರಳಚ್ಚು ಕೊಟ್ಟು ಲಾಗಿನ್ ಆಗುವ ಏರ್ಪಾಡು ಮಾಡಿ, ಯಾರು ಏನು ತಿದ್ದಿದರೆಂಬುದು ಉಳಿಯುವಂತೆ ನೋಡಿಕೊಂಡರು. ಮ್ಯುಟೇಷನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದರು. ಇವು ತಂತ್ರಾಂಶ ಬರೆಯುವವರು ತೆಗೆದುಕೊಳ್ಳಬಹುದಾದ ತೀರ್ಮಾನಗಳಲ್ಲ. ಕಾಗದದ ವಹಿ ಮತ್ತು ಗಣಕ ಎರಡನ್ನೂ ಜೊತೆಯಲ್ಲಿ ನಡೆಸುವ ಕಚೇರಿಯಲ್ಲಿ, ಕೊನೆಗೆ ಎರಡರಲ್ಲಿ ಯಾವುದು ನಿಜವೆಂದು ಯಾರಿಗೂ ಹೇಳಲಾಗುವುದಿಲ್ಲ.

ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ, ಸಲಕರಣೆಗಳಿಲ್ಲದೆ ಹತ್ತಾರು ಆ್ಯಪ್‌ಗಳ ಕೆಲಸ ಮಾಡಿಸಲಾಗುತ್ತಿದೆ ಎಂಬುದು ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಪ್ರತಿ ಇಲಾಖೆಯೂ ತನ್ನದೊಂದೇ ಆ್ಯಪ್ ಎಂದು ಭಾವಿಸುತ್ತದೆ, ಅವೆಲ್ಲವೂ ಬಂದು ಸೇರುವುದು ಒಬ್ಬರ ಫೋನಿಗೆ. ಹೊಸ ಯೋಜನೆಯ ವರದಿಯಲ್ಲಿ, ಅದನ್ನು ನಡೆಸಬೇಕಾದವರ ಮೇಲೆ ಈಗಾಗಲೇ ಇರುವ ಹೊರೆಯ ಲೆಕ್ಕವೂ ಇರಬೇಕು.

ಇನ್ನು ಗುತ್ತಿಗೆ ಮುಗಿಯುವ ಹೊತ್ತು. ಜಿಲ್ಲೆಯ ಒಂದು ಕಚೇರಿಯಲ್ಲಿ ತಂತ್ರಾಂಶ ಒದಗಿಸಿದ್ದವರ ಅವಧಿ ಮುಗಿದಾಗ, ಅಡ್ಮಿನ್ ಪಾಸ್‌ವರ್ಡ್ ಅವರ ಬಳಿಯೇ ಉಳಿದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಸಿಕ್ಕ ದತ್ತಾಂಶವೂ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇರಲಿಲ್ಲ, ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕುಳಿತು, ಆಸ್ತಿ ಮಾಲೀಕರ ಹೆಸರುಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ದತ್ತಾಂಶ ಸಂಸ್ಥೆಯ ಸೊತ್ತು, ಅದು ಯೂನಿಕೋಡ್ ಕನ್ನಡದಲ್ಲಿರಬೇಕು, ಕೊನೆಯ ಕಂತು ಪಾವತಿಯಾಗುವ ಮೊದಲು ಎಲ್ಲ ಪಾಸ್‌ವರ್ಡುಗಳೂ ಬ್ಯಾಕಪ್ಪೂ ಹಸ್ತಾಂತರವಾಗಬೇಕು ಎಂಬ ಷರತ್ತುಗಳು ಟೆಂಡರಿನಲ್ಲೇ ಇದ್ದಿದ್ದರೆ ಆ ದುಡಿಮೆ ಉಳಿಯುತ್ತಿತ್ತು.

ಭದ್ರತೆಯ ವಿಷಯದಲ್ಲೂ ನಿಯಮ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಾವಾಗ ಏನು ನಡೆಯಿತೆಂದು ತಾನಾಗಿ ದಾಖಲಾಗುವ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಉಳಿಸಬೇಕು. ಪುರಸಭೆಯ ಕಂಪ್ಯೂಟರಿನಲ್ಲಿ ಶನಿವಾರ ರಾತ್ರಿ ಕಡತಗಳು ಇದ್ದಕ್ಕಿದ್ದಂತೆ ತೆರೆಯದಾದರೆ, ಆ ವರದಿಯನ್ನು ಬರೆಯುವವರ ಹೆಸರನ್ನು ಗೋಡೆಯ ಮೇಲೆ ಅಂಟಿಸಿರುವ ಕಚೇರಿ ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರತಿ ಸಂಸ್ಥೆಗೂ ಒಬ್ಬ ತಂತ್ರಜ್ಞರನ್ನು ನೇಮಿಸಲು ಹಣವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ತಾಲ್ಲೂಕಿನ ಪಂಚಾಯಿತಿಗಳೂ ಪಟ್ಟಣ ಸಂಸ್ಥೆಯೂ ಖರ್ಚು ಹಂಚಿಕೊಂಡು ಒಬ್ಬರನ್ನು ಇಟ್ಟುಕೊಂಡರೆ, ಪಾವಗಡದ ಗಡಿಯ ಹಳ್ಳಿಯವರು ಕೆಟ್ಟ ಸ್ವಿಚ್ಚಿಗಾಗಿ ಜಿಲ್ಲಾ ಕೇಂದ್ರದ ದಾರಿ ಕಾಯಬೇಕಾಗುವುದಿಲ್ಲ.

ನಗರ ಸ್ಥಳೀಯ ಸಂಸ್ಥೆಗಳು ಆಯವ್ಯಯಕ್ಕೆ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ರಸ್ತೆ, ಚರಂಡಿ, ಬೀದಿದೀಪಗಳ ಬೇಡಿಕೆಯ ಜೊತೆಗೆ, ಗಣಕ ವ್ಯವಸ್ಥೆಯ ನಿರ್ವಹಣೆಗೆಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಇದೆಯೇ, ಕಳೆದ ವರ್ಷ ಅದರಲ್ಲಿ ಎಷ್ಟು ಖರ್ಚಾಯಿತು, ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ತೆಗೆದು ನೋಡಿದ್ದು ಯಾವಾಗ ಎಂದು ಮುಂದಿನ ಸಭೆಯಲ್ಲಿ ಕೇಳಬೇಕೆಂದು ತುಮಕೂರಿನ ಓದುಗರಲ್ಲಿ ವಿನಂತಿಸುತ್ತೇನೆ. ಉತ್ತರವನ್ನು ಸಭಾ ನಡವಳಿಯಲ್ಲಿ ಬರೆಸುವುದನ್ನು ಮರೆಯಬೇಡಿ.