ಹದ ಬರೆಯದ ಅಳತೆ

ಪೆನೆಟ್ರೋಮೀಟರ್ ಎಂಬುದು ತುದಿಯಲ್ಲಿ 30 ಡಿಗ್ರಿಯ ಶಂಕುವಿರುವ ಉಕ್ಕಿನ ಸರಳು. ಅದನ್ನು ಒಂದೇ ವೇಗದಲ್ಲಿ ನೆಲಕ್ಕೆ ಒತ್ತಿದಾಗ ಮಣ್ಣು ಒಡ್ಡುವ ಪ್ರತಿರೋಧವನ್ನು ಮಾಪಕ ತೋರಿಸುತ್ತದೆ. ಆ ಅಂಕಿ ಸುಮಾರು 2 ಮೆಗಾಪ್ಯಾಸ್ಕಲ್ ದಾಟಿದರೆ ಬೇರು ಇಳಿಯುವುದು ಕಷ್ಟವೆಂದು ಓದಿದ್ದ ನಾನು, ಕೆಲಸಕ್ಕೆ ಸೇರಿದ ಮೊದಲ ವರ್ಷ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಭತ್ತ ಕೊಯ್ದಿದ್ದ ಎರಡು ಕೆಂಪು ಮಣ್ಣಿನ ಗದ್ದೆಗಳನ್ನು ಒಂದೇ ದಿನ ಅಳೆದೆ. ನಡುವೆ ಇದ್ದದ್ದು ಒಂದು ಬದು ಮಾತ್ರ. ಒಂದರಲ್ಲಿ ಅಂಕಿ 2 ದಾಟಿತ್ತು, ಇನ್ನೊಂದರಲ್ಲಿ ಅದರ ಅರ್ಧವೂ ಇರಲಿಲ್ಲ. ಮೊದಲನೆಯದರಲ್ಲಿ ಗಟ್ಟಿಪದರ ಮಿತಿಮೀರಿದೆ, ಚಿಸೆಲ್ ನೇಗಿಲಿನಿಂದ ಆಳವಾಗಿ ಸೀಳಬೇಕು ಎಂದು ವರದಿ ಬರೆದುಕೊಟ್ಟೆ.

ವರದಿಯಂತೆ ಸೀಳಿದ ಆ ಗದ್ದೆಗೆ ಮುಂದಿನ ಹಂಗಾಮಿನಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ಹರಿಸಿದ ನೀರು ಮುಂದಿನ ಸರದಿಯವರೆಗೆ ನಿಲ್ಲಲಿಲ್ಲ. ಕೆಸರು ಮಾಡಲು ಇಳಿದ ಟ್ರ್ಯಾಕ್ಟರ್, ಕೆಸರಿಗೆಂದೇ ಹಾಕುವ ಕಬ್ಬಿಣದ ಪಂಜರದಂಥ ಕೇಜ್ ವೀಲ್ ಇದ್ದರೂ, ಹೂತುಹೋಯಿತು. ಗದ್ದೆಯ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ನನ್ನ ಗದ್ದೇಲಿ ನೀರು ಬಸಿದು ಇಪ್ಪತ್ತು ದಿನ ಆಗಿತ್ತು, ಪಕ್ಕದ್ದು ಅವತ್ತೂ ಜೌಗಾಗಿತ್ತು. ಅದನ್ನ ಬರ್ಕೊಂಡಿದ್ರಾ?” ನಾನು ಬರೆದುಕೊಂಡಿರಲಿಲ್ಲ.

ಅಂದು ನಾನು ಹೋಲಿಸಿದ್ದು ಎರಡು ತೇವಾಂಶಗಳನ್ನು. ಮಣ್ಣು ಒಣಗುತ್ತ ಹೋದಂತೆ ಕಣಗಳ ನಡುವೆ ಉಳಿದ ತೆಳುವಾದ ನೀರಿನ ಪೊರೆ ಅವುಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಕೆಸರುಳುಮೆಯಿಂದ ತನ್ನ ಹರಳು ಹರಳಾದ ರಚನೆಯನ್ನು ಕಳೆದುಕೊಂಡ ಮಣ್ಣಾದರೆ ಒಣಗಿದ ಮೇಲೆ ಇಟ್ಟಿಗೆಯಂತಾಗಿ, ಉತ್ತರೆ ದೊಡ್ಡ ಹೆಂಟೆಗಳಾಗಿ ಏಳುತ್ತದೆ. ಹದದಲ್ಲಿ ಅದೇ ಮಣ್ಣು ಪುಡಿಯಾಗುತ್ತದೆ. ಹದ ಮೀರಿ ಹಸಿಯಾಗಿದ್ದಾಗ ಚಕ್ರದ ಕೆಳಗೆ ಅತಿ ಸುಲಭವಾಗಿ ಒತ್ತಿಕೊಳ್ಳುತ್ತದೆ, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ಹಾನಿ ಆಗುವುದು ಈ ಹಂತದಲ್ಲೇ. ನೀರು ಪೂರ್ತಿ ತುಂಬಿದ ಕೆಸರಿಗೆ ಭಾರ ಹೊರುವ ಶಕ್ತಿ ಬಹುತೇಕ ಇರುವುದಿಲ್ಲ. ಅಲ್ಲಿ ಚಕ್ರವನ್ನು ಹೊರುವುದು ಉಳುಮೆಯ ಆಳದ ಕೆಳಗೆ ವರ್ಷಗಳಿಂದ ಒತ್ತಿ ಕೂತಿರುವ ಗಟ್ಟಿಪದರ, ನೀರು ಬೇಗನೆ ಬಸಿದುಹೋಗದಂತೆ ತಡೆಯುವುದೂ ಅದೇ. ಭತ್ತದ ನಂತರ ಉದ್ದು, ಅಲಸಂದೆ ಹಾಕುವವರಿಗೆ ಆ ಪದರ ಅಡ್ಡಿಯಾಗುವುದು ನಿಜ, ಆದರೆ ಈ ರೈತರು ಎರಡೂ ಹಂಗಾಮಿಗೆ ಭತ್ತವನ್ನೇ ನಾಟಿ ಮಾಡುವವರು. ಅವರು ಯಾವ ಬೆಳೆ ಹಾಕುತ್ತಾರೆಂದು ಸಹ ನಾನು ವಿಚಾರಿಸಿರಲಿಲ್ಲ, ಆ ನೋವು ನನಗೆ ಇನ್ನೂ ಇದೆ.

ಈಗ ಸರಳು ಊರಿದ ಪ್ರತಿ ಜಾಗದಿಂದಲೂ ಪ್ರತಿ ಆಳದ ಮಣ್ಣನ್ನು ಡಬ್ಬಿಗೆ ತುಂಬಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ತೇವಾಂಶವನ್ನು ಗಡಸುತನದ ಅಂಕಿಯ ಪಕ್ಕದಲ್ಲೇ ಬರೆಯುತ್ತೇನೆ. ಗದ್ದೆಗಳನ್ನು ಹೋಲಿಸಬೇಕಾದರೆ ಎಲ್ಲವೂ ಚೆನ್ನಾಗಿ ನೆನೆದು, ಹೆಚ್ಚುವರಿ ನೀರು ಬಸಿದ ಮೇಲೆ ಅಳೆಯುತ್ತೇನೆ. ಒಣ ಉಳುಮೆಗೆ ಮುನ್ನ ಹದ ತಿಳಿಯಬಯಸುವವರಿಗೆ ಉಪಕರಣವೇ ಬೇಕಿಲ್ಲ: ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಸುಮಾರು 3 ಮಿಲಿಮೀಟರ್ ದಪ್ಪದ ಎಳೆ ಒಡೆಯದೆ ಬಂದರೆ ಇನ್ನೂ ಕೆಲವು ದಿನ ಕಾಯಬೇಕು. ಮೇಲ್ಮಣ್ಣು ಮೊದಲು ಒಣಗುವುದರಿಂದ, ಆ ಹಿಡಿ ಮಣ್ಣನ್ನು ನೇಗಿಲು ಇಳಿಯುವ ಆಳದಿಂದಲೇ ತೆಗೆಯಬೇಕು.