ಹಿಂದಿನ ಕಮಾನ್ ಪಟ್ಟಿ ಬದಲಿಸುವ ಮುಂಚೆ ವೇಬ್ರಿಡ್ಜ್‌ಗೆ ಹೋಗಿ

ಸಕಲೇಶಪುರದ ಕಡೆ ಗ್ಯಾರೇಜ್ ಇಟ್ಟುಕೊಂಡವರಿಗೆ ಎಂಜಿನ್ ಕೆಲಸಕ್ಕಿಂತ ಸಸ್ಪೆನ್ಷನ್ ಕೆಲಸವೇ ಜಾಸ್ತಿ. ತೋಟದ ರಸ್ತೆ ಗೊತ್ತಲ್ವಾ, ಮಳೆಗಾಲದಲ್ಲಿ ಕೊಚ್ಚೆ, ಬೇಸಿಗೆಯಲ್ಲಿ ಎದ್ದ ಕಲ್ಲು. ಜೀಪಾಗಲಿ ಪಿಕಪ್ಪಾಗಲಿ, ಮೊದಲು ಸೋಲುವುದು ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಕಮಾನ್ ಪಟ್ಟಿ. ಹೊಸದು ಹಾಕಿಸಲು ಬಂದವರು ಮೊದಲು ಕೇಳುವುದು ‘ಎಷ್ಟು ಇಂಚು ಎತ್ತರ ಆಗುತ್ತೆ?’ ಅಂತ. ನಾನು ತಿರುಗಿ ಕೇಳುವುದು ‘ಹಿಂದೆ ದಿನಾ ಎಷ್ಟು ಕೆಜಿ ಹಾಕ್ತೀರಿ?’ ಅಂತ. ಸ್ಪ್ರಿಂಗ್ ಆರಿಸುವ ಕೆಲಸ ಶುರುವಾಗುವುದೇ ಅಲ್ಲಿಂದ. ಆದರೆ ಹೆಚ್ಚಿನವರ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ.

ಕಾಫಿ ಕೊಯ್ಲಿಗೆ ಸ್ವಲ್ಪ ಮುಂಚೆ ಒಂದು ಫೋರ್ ಬೈ ಫೋರ್ ಡಬಲ್ ಕ್ಯಾಬ್ ಪಿಕಪ್ ಬಂತು. ಹಿಂದುಗಡೆ ಪೂರ್ತಿ ಕೂತಿತ್ತು. ಲೋಡ್ ಹಾಕಿ ಹಳ್ಳ ಇಳಿದರೆ ಆಕ್ಸಲ್ ಮೇಲೆದ್ದು ಚಾಸಿಯಡಿಯ ರಬ್ಬರ್ ತಡೆಗೆ (ಬಂಪ್ ಸ್ಟಾಪ್) ಬಡಿಯುತ್ತಿತ್ತು. ‘ಇನ್ನೆರಡು ಪಟ್ಟಿ ಸೇರಿಸಿಬಿಡಿ, ಸಾಕು’ ಅಂದರು ಮಾಲೀಕರು. ಬಿಚ್ಚಿ, ಮಣ್ಣು ತೊಳೆದು, ವೈರ್ ಬ್ರಷ್ ಹಾಕಿ ಉಜ್ಜಿದೆವು. ಎಡಗಡೆ ಎರಡನೇ ಪಟ್ಟಿಯಲ್ಲಿ, ಪಟ್ಟಿಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟಿನ ತೂತಿನ ಪಕ್ಕ, ಕೂದಲೆಳೆಯಂಥ ಬಿರುಕು ಕಂಡಿತು. ಬಿರುಕು ಇದ್ದದ್ದು ಪಟ್ಟಿಯ ಮೇಲ್ಮುಖದಲ್ಲಿ. ಲೋಡ್ ಬಿದ್ದು ಪಟ್ಟಿ ಚಪ್ಪಟೆಯಾಗುವಾಗ ಎಳೆತ ಬೀಳುವುದು ಮೇಲ್ಮುಖಕ್ಕೆ. ಕೆಳಮುಖ ಒತ್ತಿಕೊಳ್ಳುತ್ತದೆ ಅಷ್ಟೆ. ಅದಕ್ಕೇ ಹಳೆ ಪಟ್ಟಿ ನೋಡುವಾಗ ಮೇಲ್ಮುಖ, ಅದರಲ್ಲೂ ಬೋಲ್ಟ್ ತೂತಿನ ಸುತ್ತಮುತ್ತ, ಟಾರ್ಚ್ ಬಿಟ್ಟು ನೋಡಬೇಕು.

ಇಂಥ ಸೆಟ್ಟಿಗೆ ಇನ್ನೆರಡು ಪಟ್ಟಿ ಸೇರಿಸುವುದು ಸುಮ್ನೆ ದುಡ್ಡು ದಂಡ. ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಾಗಿಸಿ ಕೊಡುವವರೂ ಇದ್ದಾರೆ. ಸ್ಪ್ರಿಂಗ್ ಸ್ಟೀಲ್ ಕೆಂಪಗೆ ಕಾದ ಮೇಲೆ ಅದರ ಮೊದಲಿನ ಹದ ಹೋಗುತ್ತದೆ. ಸರಿಯಾಗಿ ಎಣ್ಣೆಯಲ್ಲಿ ಅದ್ದಿ, ಮತ್ತೆ ತಕ್ಕ ಶಾಖದಲ್ಲಿ ಹದ ಮಾಡದಿದ್ದರೆ ಒಂದೋ ಬೇಗ ಕೂರುತ್ತದೆ, ಇಲ್ಲ ಮುರಿಯುತ್ತದೆ. ಪಟ್ಟಿಗೆ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ. ಎಡಗಡೆ ಒಂದೇ ಹೋಗಿದ್ದರೂ ಎರಡೂ ಕಡೆ ಹೊಸ ಸೆಟ್ ಹಾಕುವುದೇ ಸರಿ ಅಂತ ಹೇಳಿದೆ. ಒಪ್ಪಿದರು.

ಹಳೆ ಸೆಟ್ ವಾಪಸ್ ಕೂರಿಸಿ, ಗಾಡಿಯನ್ನು ನಿಧಾನಕ್ಕೆ ಊರೊಳಗಿನ ವೇಬ್ರಿಡ್ಜ್‌ಗೆ, ಅಂದರೆ ಗಾಡಿ ತೂಗುವ ಕಾಟಕ್ಕೆ, ಕಳಿಸಿದೆವು. ಹಿಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಬೇಕು. ಖಾಲಿ ಇದ್ದಾಗ 740 ಕೆಜಿ. ಆಮೇಲೆ 50 ಕೆಜಿಯ ಹತ್ತು ಮೂಟೆ ಹಾಕಿದಾಗ ಸುಮಾರು 1,250. ಇದರಲ್ಲಿ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ಮಿನ ತೂಕ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಅದಕ್ಕೆ ಅಂದಾಜು 160 ಕಳೆದರೆ, ಒಂದೊಂದು ಸ್ಪ್ರಿಂಗಿಗೆ ಖಾಲಿಯಲ್ಲಿ 290, ಲೋಡಿನಲ್ಲಿ 545. ವ್ಯತ್ಯಾಸ 255 ಕೆಜಿ. ಈಗ ಲೆಕ್ಕ ಸುಲಭ. ಒಂದು ಮಿಲಿಮೀಟರ್ ಇಳಿಯಲು 2.5 ಕೆಜಿ ಬೇಕಾಗುವ ಸ್ಪ್ರಿಂಗ್ ಹಾಕಿದರೆ ಮೂಟೆ ಹಾಕಿದಾಗ ಗಾಡಿ 100 ಮಿಲಿಮೀಟರ್ ಇಳಿಯುತ್ತದೆ. 5 ಕೆಜಿಯದು ಹಾಕಿದರೆ ಬರೀ 50.

ಹಾಗಾದರೆ ಗಟ್ಟಿಯದ್ದೇ ಹಾಕಬಹುದಲ್ವಾ? ಡ್ರೈವರನ್ನು ಕೇಳಿದೆ. ಮೂಟೆ ಹೊರುವುದು ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ. ವರ್ಷದ ಉಳಿದ ದಿನ ಕತ್ತಿ, ಪೈಪು, ಒಮ್ಮೊಮ್ಮೆ ಗೊಬ್ಬರ, ನಾಲ್ಕು ಜನ. ಅಂಥ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಖಾಲಿ ಇರುವಾಗ ಹಿಂದಿನ ಚಕ್ರ ಕುಣಿಯುತ್ತದೆ. ಒದ್ದೆ ಏರಿನಲ್ಲಿ ಚಕ್ರ ನೆಲ ಬಿಟ್ಟರೆ ಫೋರ್ ಬೈ ಫೋರ್ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಮೇಲಿನ ಪಟ್ಟಿಗಳು ಮೆತ್ತಗೆ, ಕೆಳಗೆ ದಪ್ಪ ಹೆಲ್ಪರ್ ಪಟ್ಟಿ ಇರುವ ಸೆಟ್ ಆರಿಸಿದೆವು. ಹೆಲ್ಪರ್ ಹೆಚ್ಚುಕಮ್ಮಿ ನೇರ ಇರುತ್ತದೆ. ಖಾಲಿಯಲ್ಲಿ ಅದರ ತುದಿ ಯಾವುದಕ್ಕೂ ತಾಗುವುದಿಲ್ಲ. ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಪ್ಯಾರಾಬೋಲಿಕ್ (ನಡುವೆ ದಪ್ಪ, ತುದಿಗೆ ಹೋದಂತೆ ತೆಳು ಇರುವ ಪಟ್ಟಿ) ಹಾಕಿ ಅಂತಲೂ ಕೆಲವರು ಕೇಳುತ್ತಾರೆ. ಅದರಲ್ಲಿ ಪಟ್ಟಿಗಳು ನಡುವೆ ಮತ್ತು ತುದಿಯಲ್ಲಷ್ಟೇ ತಾಗುವುದರಿಂದ ತಿಕ್ಕಾಟ ಕಮ್ಮಿ, ಓಟ ನಿಜಕ್ಕೂ ಚೆಂದ. ಆದರೆ ಇರುವುದೇ ಎರಡು ಮೂರು ಪಟ್ಟಿ. ತೋಟದ ಮೂಲೆಯಲ್ಲಿ ಒಂದು ಮುರಿದರೆ ಹೊರಲು ಉಳಿಯುವುದು ಕಮ್ಮಿ. ಲೋಡ್ ಹೊರುವ ಗಾಡಿಗೆ ನಾನು ಹಳೆ ಮಾದರಿಯನ್ನೇ ಹೇಳುತ್ತೇನೆ.

ಸೆಟ್ ಕೊಳ್ಳುವಾಗ ಪಟ್ಟಿಗಳ ಎಣಿಕೆ ನೋಡಿ ಮೋಸ ಹೋಗಬೇಡಿ. ಅಂಗಡಿಯಲ್ಲಿ ‘ಆರು ಪಟ್ಟಿ, ಏಳು ಪಟ್ಟಿ’ ಅಂತಲೇ ಮಾತು. ಪಟ್ಟಿ ಒಂದು ಜಾಸ್ತಿಯಾದರೆ ಗಟ್ಟಿತನ ಅಷ್ಟೇ ಪಾಲು ಏರುತ್ತದೆ. ದಪ್ಪದ ಲೆಕ್ಕ ಬೇರೆ. ಉಳಿದದ್ದೆಲ್ಲ ಒಂದೇ ಇದ್ದು ದಪ್ಪ ಮಾತ್ರ ಏರಿದರೆ ಗಟ್ಟಿತನ ಅದರ ಘನದಷ್ಟು ಏರುತ್ತದೆ. 7 ಮಿಲಿಮೀಟರ್ ಪಟ್ಟಿಯ ಜಾಗಕ್ಕೆ 8 ಮಿಲಿಮೀಟರಿನದು ಬಂದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಗಟ್ಟಿ. ಕಣ್ಣಿಗೆ ಕಾಣದ ಆ ಒಂದು ಮಿಲಿಮೀಟರಿಗೆ ವರ್ನಿಯರ್ ಅಳತೆಪಟ್ಟಿ ಹಿಡಿಯಲೇಬೇಕು. ಮೇಲಿನ ಪಟ್ಟಿಯ ಎರಡೂ ತುದಿಯಲ್ಲಿ ಬೋಲ್ಟ್ ಹೋಗುವ ಸುರುಳಿಗೆ ಕಣ್ಣು ಅಂತಾರೆ. ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆ ಎಷ್ಟು, ಹಿಂದಿನ ಕಣ್ಣಿಗೆ ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಎರಡೂ ಸಮ ಇರುವುದಿಲ್ಲ.

ಎತ್ತರದ ಆಸೆ ಇರುವವರಿಗೆ ಒಂದು ಮಾತು. ಹಿಂದೆ ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಎಷ್ಟು ಎತ್ತರ ಮಾಡಿದರೂ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಒಂದಿಷ್ಟೂ ಮೇಲೇಳುವುದಿಲ್ಲ. ಮೇಲೇಳುವುದು ಚಾಸಿ, ಬಾಡಿ. ಗುಂಡು ಕಲ್ಲಿಗೆ ತಾಗುತ್ತಿದ್ದರೆ ಅದಕ್ಕೆ ದೊಡ್ಡ ಟೈರೇ ದಾರಿ.

ಎತ್ತರ ಮಾಡಿಸಿದವರು ಮರೆಯುವುದು ಬ್ರೇಕ್. ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ರಾಡ್ ಇರುತ್ತದೆ, ಅದರ ತುದಿಗೆ ಲೋಡ್ ಸೆನ್ಸಿಂಗ್ ವಾಲ್ವ್. ಲೋಡ್ ಬಿದ್ದು ಚಾಸಿ ಇಳಿದರೆ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಷರ್ ಬಿಡುತ್ತದೆ. ಖಾಲಿ ಇದ್ದಾಗ ಕಮ್ಮಿ. ಎತ್ತರದ ಗಟ್ಟಿ ಸ್ಪ್ರಿಂಗ್ ಹಾಕಿ ರಾಡ್ ಮುಟ್ಟದೆ ಬಿಟ್ಟರೆ, ಮೂಟೆ ತುಂಬಿದ್ದರೂ ವಾಲ್ವ್ ಪಾಲಿಗೆ ಗಾಡಿ ಖಾಲಿ. ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯದೆ ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಕೂತ ಸ್ಪ್ರಿಂಗಿನಲ್ಲಿ ಇದು ಉಲ್ಟಾ. ಖಾಲಿ ಗಾಡಿಗೂ ಪ್ರೆಷರ್ ಜಾಸ್ತಿ ಹೋಗಿ ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗುತ್ತದೆ. ಸ್ಪ್ರಿಂಗ್ ಬದಲಿಸಿದ ದಿನವೇ ಆ ಗಾಡಿಯ ಮ್ಯಾನುಯಲ್ ಪ್ರಕಾರ ವಾಲ್ವ್ ಸೆಟ್ ಮಾಡಿಸಿ. ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿದೆಯಾ ಅಂತಲೂ ನೋಡಿ.

ಈ ಪಿಕಪ್‌ಗೆ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯೂ ಬೋಲ್ಟ್ ಹೊಸದೇ ಹಾಕಿದೆವು. ಒಮ್ಮೆ ಬಿಗಿ ಮಾಡಿದ ಯೂ ಬೋಲ್ಟ್ ಹಿಗ್ಗಿರುತ್ತದೆ. ಅದು ಸಡಿಲಾದರೆ ಭಾರವೆಲ್ಲ ಸೆಂಟರ್ ಬೋಲ್ಟಿಗೆ ಬಿದ್ದು ಕತ್ತರಿಸಿ, ಆಕ್ಸಲ್ ಜಾಗ ಬಿಡುತ್ತದೆ. ಕಣ್ಣಿನ ಬೋಲ್ಟು, ಶಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಬೋಲ್ಟುಗಳನ್ನು ಜಾಕ್ ಮೇಲೆ ಇರುವಾಗ ಬಿಗಿ ಮಾಡಲಿಲ್ಲ. ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿ ಮಾಡಿದೆವು. ಗಾಳಿಯಲ್ಲಿ ಬಿಗಿ ಮಾಡಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

500 ಕಿಲೋಮೀಟರ್ ಆದ ಮೇಲೆ ಬನ್ನಿ ಅಂದಿದ್ದೆ, ಬಂದರು. ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದರೆ ಎರಡೂ ಕಡೆ ಒಂದೇ ಸಮ ಸ್ವಲ್ಪ ಇಳಿದಿತ್ತು. ಹೊಸ ಸ್ಪ್ರಿಂಗ್ ಅಷ್ಟು ಕೂರುವುದು ಸಹಜ. ಯೂ ಬೋಲ್ಟ್ ನಟ್ಟುಗಳು ಇನ್ನೊಂದು ಚೂರು ತಿರುಗಿದವು. ವಾಲ್ವಿನ ರಾಡನ್ನು ಆ ಹೊಸ ಎತ್ತರಕ್ಕೆ ಮತ್ತೊಮ್ಮೆ ಸರಿಮಾಡಿ ಕೊಯ್ಲಿಗೆ ಕಳಿಸಿದೆವು.