ನಮ್ಮೂರಾಗ ಏನ್ ಇತಿಹಾಸ ಐತ್ರಿ ಸರ್?

ಮೊದಲ ವರ್ಷ ನಾವು ಕೊಟ್ಟ ವಿಷಯ 'ವಿಜಯನಗರದ ವೈಭವ'. ಕೊಪ್ಪಳದ ಸುತ್ತಮುತ್ತ ಎಂಟರಿಂದ ಹತ್ತನೇ ತರಗತಿ ಮಕ್ಕಳಿಗೆ ಇತಿಹಾಸದ ಪ್ರಬಂಧ ಸ್ಪರ್ಧೆ ಇಡೋಣ ಅಂತ ನಾವು ನಾಲ್ಕು ಜನ ಗೆಳೆಯರು ಹೊರಟಿದ್ದೆವು. ಆನೆಗೊಂದಿ ನಮ್ಮ ಜಿಲ್ಲೆಯಲ್ಲೇ ಇದೆ, ಹೊಳೆ ದಾಟಿದರೆ ಹಂಪಿ, ಇದಕ್ಕಿಂತ ಒಳ್ಳೆಯ ವಿಷಯ ಇನ್ನೇನಿದೆ ಅನ್ನಿಸಿತ್ತು. ಒಂದು ಭಾನುವಾರ ಉತ್ತರಪತ್ರಿಕೆ ಓದಲು ಕೂತೆವು. ಹತ್ತನೆಯದು ಮುಗಿಯುವಷ್ಟರಲ್ಲಿ ಮುಂದಿನ ಸಾಲು ಏನು ಬರುತ್ತದೆ ಅಂತ ನಮಗೇ ಬಾಯಿಪಾಠ ಆಗಿತ್ತು. ಮುತ್ತು ರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು, ಎಲ್ಲ ಹಾಳೆಯಲ್ಲೂ ಅದೇ. ಒಂದು ಶಾಲೆಯ ಮಕ್ಕಳಂತೂ ಅಷ್ಟೂ ಜನ ಒಂದೇ ಪ್ರಬಂಧ ಬರೆದಿದ್ದರು, ತಪ್ಪೂ ಒಂದೇ: ವಿಜಯನಗರ ಸೋತ ಯುದ್ಧ 1565ರಲ್ಲಿ ನಡೆದದ್ದು, ಎಲ್ಲರೂ 1556 ಅಂತ ಬರೆದಿದ್ದರು. ಯಾರೋ ಹೇಳಿ ಬರೆಸಿದ್ದಾರೆ.

ಮಕ್ಕಳದ್ದೇನೂ ತಪ್ಪಿಲ್ಲ. ಪುಸ್ತಕದಲ್ಲಿ ಇರುವುದನ್ನೇ ಕೇಳಿದ್ದೆವು, ಪುಸ್ತಕದಲ್ಲಿ ಇದ್ದದ್ದೇ ಬಂತು.

ಮರುವರ್ಷ ಪ್ರಶ್ನೆ ಬದಲಿಸಿದೆವು. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಅವರು ಸಣ್ಣವರಿದ್ದಾಗ ನಿಮ್ಮೂರು ಹೇಗಿತ್ತು, ಹೋಗಿ ಕೇಳಿ ಬನ್ನಿ. ಹತ್ತು ದಿನ ಮೊದಲೇ ಪ್ರಶ್ನೆ ಕೊಡುವುದು. ಕೇಳಿ ಬರೆದುಕೊಂಡ ಒಂದೇ ಒಂದು ಹಾಳೆ ಒಳಗೆ ತರಬಹುದು. ಪ್ರಬಂಧ ಮಾತ್ರ ನಮ್ಮ ಮುಂದೆಯೇ ಕೂತು ಬರೆಯಬೇಕು. ಐವತ್ತು ಅಂಕದಲ್ಲಿ ಹತ್ತು ಅಂಕ 'ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು' ಅನ್ನುವುದಕ್ಕೆ. ಅಕ್ಷರ ಚೆಂದಕ್ಕೆ ಅಂಕವಿಲ್ಲ. ಇದರ ಬಗ್ಗೆ ಕೆಲವು ಮೇಷ್ಟ್ರಿಗೆ ಬೇಜಾರಾಯಿತು, ಆದರೆ ನಾವು ಬಿಡಲಿಲ್ಲ.

ಪ್ರಶ್ನೆ ಹೇಳಲು ಶಾಲೆ ಶಾಲೆ ತಿರುಗಿದೆವು. ಒಂದು ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ, "ನಮ್ಮೂರಾಗ ಏನ್ ಇತಿಹಾಸ ಐತ್ರಿ ಸರ್? ಯಾವ ರಾಜಾನೂ ಇದ್ದಿಲ್ರಿ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕೊಪ್ಪಳದ ಗವಿಮಠದ ಜಾತ್ರೆಗೆ ಎಷ್ಟು ಜನ ಹೋಗಿದ್ದೀರಿ ಅಂದರೆ ತರಗತಿಯ ಎಲ್ಲ ಕೈ ಮೇಲೆ. ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನ ಇದೆಯಲ್ಲ, ನೋಡಿದವರು ಯಾರು ಅಂದರೆ ಎರಡೇ ಕೈ. ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಮಕ್ಕಳನ್ನು ಅಶೋಕನ ಇನ್ನೊಂದು ಶಾಸನ ಇರುವ ಪಾಲ್ಕಿಗುಂಡಿಗೆ ಕರೆದುಕೊಂಡು ಹೋದೆವು. ಎರಡು ಬಂಡೆಗಳ ಮೇಲೆ ಇನ್ನೊಂದು ದೊಡ್ಡ ಬಂಡೆ ಕೊಡೆಯ ಹಾಗೆ ಕೂತಿದೆ, ಅದರ ಅಡಿಯಲ್ಲಿ ಬ್ರಾಹ್ಮಿ ಅಕ್ಷರಗಳು. ಭಾಷೆ ಪ್ರಾಕೃತ. 2,200 ವರ್ಷಕ್ಕೂ ಹಳೆಯದು. ಅದೇ ಹುಡುಗ ಕುಕ್ಕರಗಾಲಲ್ಲಿ ಕೂತು, ಒಂದು ಅಕ್ಷರದ ಗೀರಿನ ಮೇಲೆ ಗಾಳಿಯಲ್ಲೇ ಬೆರಳಾಡಿಸಿದ, ಮುಟ್ಟಬೇಡಿ ಅಂತ ನಾವು ಮೊದಲೇ ಹೇಳಿದ್ದೆವು. "ಇದನ್ನ ಓದಾಕ ಅವಾಗ ಇಲ್ಲೂ ಮಂದಿ ಇದ್ರಲ್ರಿ?" ಅಂದ. ಹೌದಲ್ವಾ! ಓದುವವರೇ ಇಲ್ಲದಿದ್ದರೆ ಯಾರು ಇಲ್ಲಿ ಬಂದು ಕೆತ್ತಿಸುತ್ತಾರೆ?

ಕಲ್ಲಿನ ಮೇಲಿನದು ಇನ್ನೂ ನೂರಾರು ವರ್ಷ ಇರುತ್ತದೆ. ಮನೆಯ ಹಿರಿಯರದ್ದು ಹಾಗಲ್ಲ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ನಾವು ಹೈದರಾಬಾದ್ ನಿಜಾಮನ ಕೈಯಿಂದ ಬಿಡಿಸಿಕೊಂಡದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ದಿನ ಹತ್ತು ವರ್ಷದವರಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಈ ಲೆಕ್ಕ ಹಾಕಿದ ಮೇಲೆ ನನಗೆ ಸುಮ್ನೆ ಕೂರಲು ಆಗಲೇ ಇಲ್ಲ.

ಆ ವರ್ಷ ಬಂದ ಹಾಳೆಗಳನ್ನು ಓದಲು ಮೂರು ಭಾನುವಾರ ಬೇಕಾಯಿತು, ಯಾಕೆಂದರೆ ಒಂದನ್ನು ಓದಿ ಮುಗಿಸಿದವರು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳದೆ ಇರುತ್ತಿರಲಿಲ್ಲ. ಮುನಿರಾಬಾದ್ ಕಡೆಯ ಹುಡುಗಿಯೊಬ್ಬಳ ಮೊದಲ ಸಾಲೇ "ನಮ್ಮ ಮುತ್ತಜ್ಜಿಯ ತವರುಮನೆ ನೀರಾಗ ಐತಿ". ತುಂಗಭದ್ರಾ ಆಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು ಅಂತ ನಾವೆಲ್ಲ ಓದಿದ್ದೇವೆ. ನೀರು ಬರುವ ಮೊದಲು ಬಾಗಿಲು, ಚೌಕಟ್ಟು, ಜಂತಿ ಎಲ್ಲ ಕಿತ್ತು ಬಂಡಿಗೆ ಹೇರಿದ್ದು, ಹಳೆಯ ಊರಿನ ಬಾಗಿಲನ್ನೇ ಹೊಸ ಊರಿನ ಮನೆಗೆ ಕೂಡಿಸಿದ್ದು, ಆ ಬಾಗಿಲ ಅಗಳಿ ಈಗಲೂ ಬಿಗಿ ಅನ್ನುವುದು ಈ ಹುಡುಗಿಯಿಂದ ಗೊತ್ತಾಯಿತು.

ನಾವು ಜಗಳ ಆಡಿದ್ದು 47ನೇ ನಂಬರಿನ ಹಾಳೆಯ ಮೇಲೆ. ಹೆಸರು ಮುಚ್ಚಿ ನಂಬರ್ ಹಾಕಿರುತ್ತೇವೆ, ಹಾಗಾಗಿ ಯಾರದ್ದು ಅಂತ ಗೊತ್ತಿರಲಿಲ್ಲ. ಮುಸ್ಲಿಂ ಮನೆಯ ಮಗು ಅನ್ನುವುದು ಓದಿದಾಗ ತಿಳಿಯಿತು. ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರ ಕಾಲದಲ್ಲಿ ಊರೆಲ್ಲ ಹೆದರಿದ್ದು, ಆಮೇಲೆ ಭಾರತದ ಸೈನ್ಯ ಬಂದ ವಾರದಲ್ಲಿ ತನ್ನ ಮುತ್ತಜ್ಜ ಹೆದರಿದ್ದು, ಊರಗೌಡರು ಅವನನ್ನೂ ಅವನ ತಂಗಿಯರನ್ನೂ ಖಾಲಿ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಇಳಿಸಿ ಮೇಲೆ ಕಲ್ಲು ಅರ್ಧ ಮುಚ್ಚಿದ್ದು, ರಾತ್ರಿ ಗೌಡಶಾನಿ ಹಗ್ಗಕ್ಕೆ ಬುಟ್ಟಿ ಕಟ್ಟಿ ರೊಟ್ಟಿ ಇಳಿಸಿದ್ದು. "ಜೋಳದ ಧೂಳಿಗೆ ಸೀನು ಬರುತ್ತಿತ್ತು, ಮೂಗು ಹಿಡಕೊಂಡು ಕೂತಿದ್ದರು" ಅಂತ ಬರೆದಿತ್ತು ಮಗು.

ಸೆಪ್ಟೆಂಬರ್ 17ರ ವಿಮೋಚನೆ ದಿನದ ಸ್ಪರ್ಧೆಗೆ ಇದು ಬೇಡ ಅಂತ ಒಬ್ಬರು. ಯಾಕೆ ಬೇಡ ಅಂತ ಇನ್ನೊಬ್ಬರು, ಸೈನ್ಯ ಬಂದ ಮೇಲೆ ಏನಾಯಿತು ಅಂತ ನೋಡಿ ಬರಲು ನೆಹರೂ ಅವರೇ ಸುಂದರಲಾಲ್ ಸಮಿತಿಯನ್ನು ಕಳಿಸಿದ್ದರಲ್ಲ. ಅಷ್ಟರಲ್ಲಿ ಮೂರನೆಯವರು ಬೇರೊಂದು ಹಾಳೆ ತೆಗೆದರು. ಅದರಲ್ಲಿ ಒಬ್ಬ ಹುಡುಗನ ಮುತ್ತಜ್ಜ ರಜಾಕಾರರ ಕಾಟ ತಾಳದೆ ನಿಜಾಮನ ಗಡಿ ದಾಟಿ ಮುಂಡರಗಿ ಶಿಬಿರ ಸೇರಿದ್ದರು, ನಿಜಾಮನ ವಿರುದ್ಧ ಹೋರಾಡುತ್ತಿದ್ದ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರ. ಎರಡನ್ನೂ ಒಂದರ ಹಿಂದೆ ಒಂದು ಓದಿದೆವು. ಎರಡೂ ಒಂದೇ ವರ್ಷದ ಮಾತು. ಮೊದಲ ಬಹುಮಾನ ಇಬ್ಬರಿಗೂ ಕೊಟ್ಟೆವು, ವೇದಿಕೆಯ ಮೇಲೆ ಇಬ್ಬರೂ ಓದಿದರು, ಬೇಡ ಅಂದಿದ್ದವರೇ ಮೈಕ್ ಹಿಡಿದುಕೊಂಡಿದ್ದರು. ನನಗೆ ಈ ಸ್ಪರ್ಧೆಯಿಂದ ಸಿಕ್ಕ ದೊಡ್ಡ ಸಂತೋಷ ಅದು.

ಬಹುಮಾನ ಅಂತ ಹೆಚ್ಚೇನಿಲ್ಲ, ಒಂದು ಕನ್ನಡ ನಿಘಂಟು ಮತ್ತು ಪೆನ್ನು. ಜೊತೆಗೆ ಎಲ್ಲ ಮಕ್ಕಳಿಗೂ ಅವರವರ ಪ್ರಬಂಧದ ಜೆರಾಕ್ಸ್ ಕೊಟ್ಟು, ಹೇಳಿದವರಿಗೆ ಹೋಗಿ ಓದಿ ಹೇಳಿ ಅಂದೆವು. ವಾರದ ಮೇಲೆ ಒಬ್ಬ ಹುಡುಗ ನಮ್ಮನ್ನು ಹುಡುಕಿಕೊಂಡು ಬಂದ. ಅವನ ಮುತ್ತಜ್ಜಿ ಓದಿಸಿ ಕೇಳಿ ಸಿಟ್ಟಾಗಿದ್ದಳಂತೆ. ಎಮ್ಮೆಗೆ ಕೊಟ್ಟದ್ದು ಕಲ್ದಾರ, ಅಂದರೆ ಬ್ರಿಟಿಷರ ರೂಪಾಯಿ, ಅಂತ ಇವನು ಬರೆದಿದ್ದಾನೆ, ಅದು ಕಲ್ದಾರ ಅಲ್ಲ, ಹಾಲಿ ಸಿಕ್ಕಾ, ನಿಜಾಮನ ರೂಪಾಯಿ. ಹಾಲಿ ಏಳಕ್ಕೆ ಕಲ್ದಾರ ಆರು, ಲೆಕ್ಕ ತಪ್ಪಿದರೆ ಹೆಂಗ ಅಂದಳಂತೆ. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿಯನ್ನೂ ಕೊಟ್ಟು ಕಳಿಸಿದ್ದಳು. ಚಾರ್ಮಿನಾರ್ ಚಿತ್ರ, ಸವೆದು ನುಣ್ಣಗಾಗಿತ್ತು. ನಾವು ನೋಡಿ, ಫೋಟೋ ತೆಗೆದು, ಹುಡುಗನ ಕೈಲೇ ವಾಪಸ್ ಕಳಿಸಿದೆವು.

ಈ ವರ್ಷ ಅದಕ್ಕೇ ನಿಯಮ ಬದಲಿಸಿದ್ದೇವೆ. ಮಕ್ಕಳು ಎರಡು ಸಲ ಮನೆಗೆ ಹೋಗಬೇಕು, ಒಂದು ಸಲ ಕೇಳಲು, ಇನ್ನೊಂದು ಸಲ ಬರೆದದ್ದನ್ನು ಓದಿ ತಿದ್ದಿಸಿಕೊಳ್ಳಲು. ಹತ್ತು ದಿನ ಸಾಲುವುದಿಲ್ಲ ಅಂತ ಮೂರು ವಾರ ಕೊಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದು, ಓಣಿಯ ಮಗು ಪೆನ್ನು ಹಿಡಿದು ಬಂದರೆ, ದಯವಿಟ್ಟು ಒಂದರ್ಧ ಗಂಟೆ ಟಿವಿ ಬಂದ್ ಮಾಡಿ.